ಕೊಟ್ರಮ್ಮನ ಕೌದಿ

ನಮ್ಮೂರಿನಲ್ಲಿ ನಾನು ಮೇಣದ ಡಬ್ಬಿ ಹಿಡಿದು ಯಾರ ಮನೆ ಬಾಗಿಲಿಗೆ ಹೋದರೂ ಮೊದಲು ಒಳಗಿಂದ ಅಳು ಕೇಳಿಸುತ್ತದೆ, ಆಮೇಲೆ ಕಾಫಿ ಬರುತ್ತದೆ. ಅಳುವವರು ಹೆಂಗಸರು, ಕಾಫಿ ಕೊಡುವವರು ವ್ಯಾಪಾರ ಮಾಡುವವರು. ಕೆಲವು ಮನೆಗಳಲ್ಲಿ ಅಳುವವರೂ ಕಾಫಿ ಕೊಡುವವರೂ ಒಬ್ಬರೇ. ನಾನು ಅಚ್ಚಿನ ವೀರಭದ್ರಾಚಾರಿ. ತೇಗದ ತುಂಡಿನ ಮೇಲೆ ಹೆಬ್ಬೆಟ್ಟಿನ ಗೆರೆ ಕೆತ್ತುವುದು ನನ್ನ ಕಸುಬು, ನಮ್ಮಪ್ಪನದೂ ಅದೇ ಆಗಿತ್ತು. ನಮ್ಮೂರಿನಿಂದ ಹೊರಗೆ ಹೋಗುವ ಪ್ರತಿ ಪೊಟ್ಟಣ, ಪ್ರತಿ ಸೀಸೆಯ ಮೇಲೆ ಒಂದು ಹೆಬ್ಬೆಟ್ಟಿನ ಮುದ್ರೆ ಇರುತ್ತದಲ್ಲ, ಅದು ನನ್ನ ಕೈಯದು. ಮುದ್ರೆ ಇಲ್ಲದ ಸರಕನ್ನು ಊರೊಳಗೆ ಎಷ್ಟು ಬೇಕಾದರೂ ಮಾರಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಟೋಲ್ ಗೇಟು ದಾಟಿತೋ, ಚಿಕ್ಕಿ ಮಣ್ಣಿನ ಹೆಂಟೆಯಾಗುತ್ತದೆ, ಸೋಪು ಸುಣ್ಣದ ಕಲ್ಲಾಗುತ್ತದೆ. ಹೊರಗಿನ ವ್ಯಾಪಾರ ಬೇಕೆನ್ನುವವರು ನನ್ನ ಹತ್ತಿರ ಬರಲೇಬೇಕು.

ಇಷ್ಟೇ ಆಗಿದ್ದರೆ ಊರಿನಲ್ಲಿ ಎಲ್ಲರೂ ಸಾಹುಕಾರರಾಗಿರುತ್ತಿದ್ದರು. ಮುದ್ರೆಗೆ ಬದುಕಿರುವ ಮನುಷ್ಯರ ಹೆಬ್ಬೆಟ್ಟೇ ಬೇಕು, ಮತ್ತೆ ಕೊಟ್ಟವರಿಗೆ ಆ ಸರಕಿನ ಗುಣ ಅಂದಿನಿಂದ ದಕ್ಕುವುದಿಲ್ಲ. ಚಿಕ್ಕಿಗೆ ಕೊಟ್ಟರೆ ಸಿಹಿ ಹೋಯಿತು, ಊದುಬತ್ತಿಗೆ ಕೊಟ್ಟರೆ ಘಮ ಹೋಯಿತು. ಹಿಂದಿನವರು ಬುದ್ಧಿವಂತರು, ತಮಗೆ ಬೇಡದ್ದನ್ನೇ ಹುಡುಕಿ ಆರಿಸಿಕೊಂಡರು. ಕೇಶತೈಲದ ಮುದ್ರೆ ಬೋಳುತಲೆಯ ಚನ್ನಪ್ಪನದು. ಗೆಜ್ಜೆಗೆ ಹೆಬ್ಬೆಟ್ಟು ಕೊಟ್ಟ ಶರಭಯ್ಯನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಆದರೆ ಒಂದು ಊರಿನಲ್ಲಿ ಎಷ್ಟು ಬೋಳರು, ಎಷ್ಟು ಕಿವುಡರು ಸಿಕ್ಕಾರು? ಬರಬರುತ್ತಾ ಸಾಯಲು ಮಲಗಿದವರ ಹೆಬ್ಬೆಟ್ಟು ತೆಗೆದುಕೊಳ್ಳುವುದು ರೂಢಿಯಾಯಿತು. ಹೋಗುವ ಜೀವ, ಇವತ್ತೋ ನಾಳೆಯೋ ಅನ್ನುತ್ತಿದೆ, ಅದಕ್ಕೆ ಸಿಹಿ ಯಾಕೆ, ಘಮ ಯಾಕೆ? ಅವರು ಸತ್ತ ಮೇಲೂ ಮುದ್ರೆ ನಡೆಯುತ್ತದೆ. ಹಾಗಾಗಿ ಡಾಕ್ಟರು ತಲೆಯಾಡಿಸಿ ಹೊರಗೆ ಬಂದ ಕೂಡಲೇ ನಮ್ಮ ಜನ ನೆಂಟರಿಗೆ ಹೇಳಿಕಳಿಸುವ ಮೊದಲು ನನಗೆ ಹೇಳಿಕಳಿಸುತ್ತಾರೆ. ನಾನು ಬೀದಿಯಲ್ಲಿ ಡಬ್ಬಿ ಹಿಡಿದು ಹೊರಟರೆ ಕಟ್ಟೆಯ ಮೇಲೆ ಕುಳಿತವರು, "ಏನ್ ಸರಕು ಆಚಾರ್ರೇ?" ಎಂದು ಕೇಳುತ್ತಾರೆಯೇ ಹೊರತು ಯಾರು ಸಾಯುತ್ತಿದ್ದಾರೆ ಎಂದು ಕೇಳುವುದಿಲ್ಲ. ನಮ್ಮಲ್ಲಿ ಅಜ್ಜಿಯ ಮುದ್ರೆ, ಅಪ್ಪನ ಮುದ್ರೆ ಎಂದರೆ ಮನೆತನದ ಹೆಮ್ಮೆ. ದೇವರ ಪಟದ ಪಕ್ಕದಲ್ಲಿ ಅಚ್ಚನ್ನಿಟ್ಟು ಹೂ ಏರಿಸುತ್ತಾರೆ.

ಕೊಟ್ರಮ್ಮ ಟೈಲರ್ ತಿಪ್ಪೇಶಿಯ ಹೆಂಡತಿ. ಮಕ್ಕಳಿಲ್ಲ. ಗಂಡ ಮಿಷಿನ್ ತುಳಿಯುತ್ತಿದ್ದರೆ ಅವನ ಕಾಲಡಿ ಬೀಳುವ ಬಟ್ಟೆಯ ಚೂರುಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ, ಮನೆಮನೆಯ ಹಳೇ ಸೀರೆ ತಂದು ಒಳಪದರ ಹಾಕಿ ಕೌದಿ ಹೊಲಿಯುತ್ತಿದ್ದಳು. ಏನು ಹೊಲಿಗೆ ಅಂತೀರಿ! ಅಕ್ಕಿ ಕಾಳಿನಷ್ಟು ಸಣ್ಣ ಸಣ್ಣ ಹೊಲಿಗೆ, ದಾರ ಹಿಡಿದು ಗೆರೆ ಎಳೆದ ಹಾಗೆ ನೆಟ್ಟಗೆ. ಅದನ್ನು ಹೊದ್ದು ಮಲಗಿದರೆ ಬೆಳಿಗ್ಗೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ನಮ್ಮೂರು ಗಾಳಿಗೆ ಎದೆಕೊಟ್ಟು ನಿಂತ ಊರು, ಇಲ್ಲಿ ಚಳಿಗಾಲ ಒಮ್ಮೆ ಬಂದರೆ ಹೋಗುವ ಮಾತೇ ಆಡುವುದಿಲ್ಲ. ಊರಿನವರೆಲ್ಲ ಅವಳ ಹತ್ತಿರವೇ ಕೌದಿ ಹೊಲಿಸಿಕೊಂಡರು. ಒಮ್ಮೆ ಹೊರಗಿನ ವ್ಯಾಪಾರಿಯೊಬ್ಬ ಬಸ್ಸಿಗೆ ಕಾಯುತ್ತಾ ಕೂತಲ್ಲಿ ಯಾರದೋ ಹೆಗಲ ಮೇಲಿನ ಕೌದಿ ನೋಡಿ, ಮುಟ್ಟಿ, ಒಂದನ್ನು ಕೊಂಡುಹೋದ. ಗೇಟು ದಾಟಿದ್ದೇ ಅದು ಹಸಿ ಚಿಂದಿಯಾಯಿತು. ಅವನು ಅದೇ ಬಸ್ಸಿನಲ್ಲಿ ತಿರುಗಿ ಬಂದು, "ಅಮ್ಮಾ, ಒಂದು ಮುದ್ರೆ ಮಾಡಿಸ್ಕಳಿ. ಎಷ್ಟು ಹೊಲಿದ್ರೂ ನಾನು ತಗೋತೀನಿ" ಎಂದು ಹೇಳಿ ಹೋದ.

ಅವಳು ನನ್ನ ಹತ್ತಿರ ಬಂದು ಕೇಳಿದ್ದು ನಿಜ. ಆದರೆ ತನ್ನ ಹೆಬ್ಬೆಟ್ಟು ಕೊಡಲು ಅವಳಿಂದಾಗಲಿಲ್ಲ. "ಬೆಚ್ಚಗೈತೋ ಇಲ್ವೋ ಅಂತ ನಂಗೇ ಗೊತ್ತಾಗ್ದಿದ್ರೆ ನಾನು ಹೊಲಿಯೋದು ಹೆಂಗೆ ಆಚಾರ್ರೇ? ಪದರ ಎಲ್ಲಿ ತೆಳ್ಳಗಾತು ಅಂತ ಕೆನ್ನೆಗಿಟ್ಟು ನೋಡೋಳು ನಾನು" ಅಂದಳು. ಅದೂ ಸರಿಯೇ. ಹೊರಗಿನ ವ್ಯಾಪಾರದ ಆಸೆಯನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಿದಳು.

ಅಷ್ಟರಲ್ಲಿ ತಿಪ್ಪೇಶಿಗೆ ಕಾಮಾಲೆ ಹಿಡಿಯಿತು. ಕಣ್ಣು, ಉಗುರು, ಕೊನೆಗೆ ಬೆವರು ಕೂಡ ಹಳದಿಯಾಯಿತು. ಡಾಕ್ಟರು ಹೊರಗೆ ಬಂದು ತಲೆಯಾಡಿಸಿದರು. ಗಂಡನ ಕಾಲ ಬಳಿ ಕುಸಿದು ಕೂತಿದ್ದ ಕೊಟ್ರಮ್ಮನಿಗೆ ಮುದ್ರೆಯ ನೆನಪೇ ಇರಲಿಲ್ಲ. ನೆನಪು ಮಾಡಿದವನು ತಿಪ್ಪೇಶಿ. "ಲೇ ಕೊಟ್ರೀ, ಆಚಾರ್ರನ್ನ ಕರ್ಸೇ. ಹೋಗೋನು ನಾನು ಬೆಚ್ಚಗಿರೋದನ್ನ ಗಂಟು ಕಟ್ಕೊಂಡು ಎಲ್ಲಿಗೆ ಹೋಗ್ಲಿ? ನಿಂಗೊಂದು ದಾರಿ ಆಗ್ಲಿ" ಅಂದ. ಅವಳು ಬಾಯಿಗೆ ಸೆರಗು ತುರುಕಿಕೊಂಡು ಬೇಡ ಬೇಡ ಎಂದು ತಲೆಯಾಡಿಸಿದಳು. ಅವನು ಕೇಳಲಿಲ್ಲ. ನಾನು ಹೋಗಿ ಮೇಣಕ್ಕೆ ಅವನ ಹೆಬ್ಬೆಟ್ಟು ಒತ್ತಿಕೊಂಡಾಗ, ಆ ಸ್ಥಿತಿಯಲ್ಲೂ ತಮಾಷೆ ಮಾಡಿದ. "ಗೆರೆ ಚೆಂದಾಗಿ ತೆಗೀರಿ ಆಚಾರ್ರೇ, ಲಗ್ನಪತ್ರಿಕೆ ಮ್ಯಾಲೆ ಹಾಕೋ ಹಂಗಿರ್ಲಿ."

ಅವನ ಪಕ್ಕದಲ್ಲೇ ಕೂತು ಕೆತ್ತಿದೆ. ಕೊನೆಯ ಗೆರೆ ತೆಗೆದು ಪುಡಿ ಊದಿದ್ದೇ ತಡ, ತಿಪ್ಪೇಶಿಯ ಹಲ್ಲು ಕಟಕಟ ಎನ್ನತೊಡಗಿತು. "ಅಯ್ಯೋ" ಅಂದ, ಅಷ್ಟೇ. ಮಾತು ನಿಂತುಹೋಯಿತು. ಕೊಟ್ರಮ್ಮ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತಂದು ಹೊದಿಸಿದಳು. ಸಾಯುವವರಿಗೆ ಹೀಗೆ ಆಗುವುದೇ ಎಂದು ಹಿರಿಯ ಹೆಂಗಸರು ಸಮಾಧಾನ ಹೇಳಿದರು. ನಾನು ಕಾಫಿ ಕುಡಿದು ಮನೆಗೆ ಬಂದೆ.

ಆದರೆ ತಿಪ್ಪೇಶಿ ಸಾಯಲಿಲ್ಲ. ಇವತ್ತು ಹೋಗುತ್ತಾನೆ, ನಾಳೆ ಹೋಗುತ್ತಾನೆ ಎಂದು ನೆಂಟರು ಬಂದು ಕೂತರು, ಉಂಡರು, ಬೇಸರವಾಗಿ ಊರಿಗೆ ಹೋದರು. ಕಣ್ಣಿನ ಹಳದಿ ಇಳಿಯಿತು. ಗಂಜಿ ಸೇರಿತು, ಆಮೇಲೆ ಮುದ್ದೆ ಸೇರಿತು. ಒಂದು ದಿನ ಗೋಡೆ ಹಿಡಿದು ಹೊರಗೆ ಬಂದು ನಿಂತ. ಸಾವಿನ ಬಾಯಿಂದ ಗಂಡ ತಿರುಗಿ ಬಂದನೆಂದು ಕೊಟ್ರಮ್ಮ ಅಂಗಳದಲ್ಲೇ ಕೂತು ಜೋರಾಗಿ ಅತ್ತಳು. ಬೀದಿಯವರು ಸಕ್ಕರೆ ಹಂಚಿದರು. ನಡುಬಿಸಿಲಿನಲ್ಲಿ ನಿಂತಿದ್ದ ತಿಪ್ಪೇಶಿ ಮಾತ್ರ ಎರಡೂ ಕೈಯನ್ನು ಕಂಕುಳಲ್ಲಿ ತುರುಕಿಕೊಂಡು ಗಡಗಡ ನಡುಗುತ್ತಿದ್ದ.

ಅಲ್ಲಿಂದ ಶುರುವಾಯಿತು ನೋಡಿ. ಅವನಿಗೆ ಬಿಸಿಲಿನ ಕಾವು ತಾಗುತ್ತಿರಲಿಲ್ಲ, ಬೆಂಕಿಯ ಕಾವು ತಾಗುತ್ತಿರಲಿಲ್ಲ. ಬಚ್ಚಲಲ್ಲಿ ಕುದಿಯುವ ನೀರು ಹೊಯ್ದುಕೊಂಡು ಚರ್ಮ ಸುಟ್ಟುಕೊಂಡ. ಕೊಟ್ರಮ್ಮ ತಬ್ಬಿ ಮಲಗಿದರೆ, "ನೀನು ಇದೀಯ ಅಂತ ಗೊತ್ತಾಗ್ತದೆ ಕಣೇ. ಬೆಚ್ಚಗಿದೀಯ ಅಂತ ಗೊತ್ತಾಗಲ್ಲ. ಗ್ವಾಡೆ ತಬ್ಕೊಂಡಂಗೆ" ಎನ್ನುತ್ತಿದ್ದ. ಮೈ ಮುಟ್ಟಿ ನೋಡಿದರೆ ನಿಮ್ಮಂತೆ ನನ್ನಂತೆ ಬಿಸಿಯಾಗಿಯೇ ಇತ್ತು. ನಡುಗುವ ಕೈಗೆ ಕತ್ತರಿ ಹಿಡಿಯಲಾಗದೆ ಮಿಷಿನ್ನು ಮೂಲೆ ಸೇರಿತು.

ಇತ್ತ ಕೌದಿಯ ವ್ಯಾಪಾರ ಹತ್ತಿಕೊಂಡಿತು. ಮೂಲೆಯಲ್ಲಿ ತಿಪ್ಪೇಶಿಯ ಹೆಬ್ಬೆಟ್ಟು ಒತ್ತಿದ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು. ಆ ಅಂಚು ನೋಡಿದರೇ ಜನ ಗುರುತು ಹಿಡಿಯಬೇಕು ಎಂದು ಬೇರೆ ಬಣ್ಣಕ್ಕೆ ಅವಳು ಒಪ್ಪಲಿಲ್ಲ. ಮಿಷಿನ್ನಿನಲ್ಲಿ ಹೊಲಿಸಿದರೆ ಬೇಗ ಆಗುತ್ತದೆ ಎಂದ ವ್ಯಾಪಾರಿಗೆ, "ಹಂಗಾದ್ರೆ ಮಿಷಿನ್ನಿನ ಕೌದಿ ಮಾರೋರತ್ರ ಹೋಗ್ರಿ" ಎಂದು ಮುಖಕ್ಕೆ ಹೇಳಿದಳು. ಬಾಣಂತಿಯರಿಗೆ ಒಂದು ಅಳತೆ, ಕೂಸಿಗೆ ಒಂದು, ಹಾಸ್ಟೆಲ್ಲಿನ ಹುಡುಗರಿಗೆ ಕೊಳೆ ಕಾಣದ ಬಣ್ಣ ಎಂದು ಅವಳೇ ಯೋಚಿಸಿ ಮಾಡಿದಳು. ಜಗಲಿಯ ತುಂಬ ಹೆಂಗಸರು. ಗಂಡ ಬಿಟ್ಟವರು, ಗಂಡ ಸತ್ತವರು, ಗಂಡ ಇದ್ದೂ ಕುಡಿದು ಮಲಗಿದವರು. ಅವರಿಗೆಲ್ಲ ಹಿರಿಯಳು ದುರುಗಜ್ಜಿ. ಯಾರ ಹೊಲಿಗೆ ಅಡ್ಡಾದಿಡ್ಡಿ ಹೋದರೂ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದಳು, ಬೈಗುಳ ಬೇರೆ. "ಏನೇ ಇದು, ಹೋರಿ ಉಚ್ಚೆ ಹೊಯ್ಕಂಡು ಹೋದಂಗೆ ಹೊಲಿದೀಯ!" ಎಂದರೆ ಜಗಲಿಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ. ಕೊಟ್ರಮ್ಮನಿಗೆ ತಾಯಿಯಿಲ್ಲದ ಕೊರತೆಯನ್ನು ಅವಳೇ ತುಂಬಿದ್ದಳು. ಒಳಗೆ ತಿಪ್ಪೇಶಿ ನಡುಗುವ ಸದ್ದು ಕೇಳಿಸಿದಾಗ ಮಾತ್ರ ಎಲ್ಲರೂ ತಲೆ ತಗ್ಗಿಸಿ ಸೂಜಿ ಓಡಿಸುತ್ತಿದ್ದರು.

ನಡುಗುವವನು ಮನೆಯೊಳಗೆ ಸುಮ್ಮನೆ ನಡುಗಿಕೊಂಡಿದ್ದರೆ ಊರಿಗೇನೂ ಆಗುತ್ತಿರಲಿಲ್ಲ. ಅವನು ಬೀದಿಗೆ ಬಂದು ಮಾತಾಡತೊಡಗಿದ. ಸಾಯಲು ಮಲಗಿ ಹೆಬ್ಬೆಟ್ಟು ಕೊಟ್ಟು ಬದುಕಿ ಬಂದವನು ಇಡೀ ಊರಿನಲ್ಲಿ ಅವನೊಬ್ಬನೇ. ಉಳಿದವರೆಲ್ಲ ಸತ್ತು ಮಣ್ಣಾಗಿದ್ದರು, ಅವರಿಗೆ ಹೇಗಾಯಿತು ಎಂದು ಹೇಳುವವರು ಯಾರು? ಒಂದು ಮಧ್ಯಾಹ್ನ ಚಿಕ್ಕಿ ಗುರುಮಲ್ಲನ ಅಂಗಡಿ ಮುಂದೆ ಕಂಬಳಿ ಸುತ್ತಿಕೊಂಡು ನಿಂತ ತಿಪ್ಪೇಶಿ, "ಗುರುಮಲ್ಲಣ್ಣ, ನಿಮ್ಮವ್ವ ಕಡೇ ದಿನ ಏನು ಕೇಳಿದ್ಲು?" ಅಂದ. ಗುರುಮಲ್ಲನ ಅವ್ವನ ಹೆಬ್ಬೆಟ್ಟೇ ಅವನ ಚಿಕ್ಕಿಯ ಮೇಲಿರುವುದು. "ಬೆಲ್ಲದ ನೀರು ಕೇಳಿದ್ಲು, ಕೊಟ್ಟೆ. ಯಾಕೆ?" ಅಂದ ಗುರುಮಲ್ಲ. "ಕುಡಿದ್ಲಾ?" "ಇಲ್ಲ. ಉಗುಳಿಬಿಟ್ಲು. ನನ್ನ ಮ್ಯಾಲೆ ಸಿಟ್ಟಿತ್ತೇನೋ ಅಂದ್ಕಂಡೆ."

ತಿಪ್ಪೇಶಿ ನಕ್ಕ. ಕಟ್ಟೆಯ ಮೇಲೆ ಕೂತಿದ್ದ ನಾನು ತಲೆ ಎತ್ತಿ ನೋಡಿದೆ. "ಸಿಟ್ಟಲ್ಲಣ್ಣ. ಸಿಹಿ ಹೋದ್ರೆ ಬರೀ ಸಿಹಿ ಹೋಗಲ್ಲ. ಸಿಹಿ ಇದ್ದ ಜಾಗದಾಗೆ ಏನೋ ಒಂದು ಬಂದು ಕೂರ್ತದೆ. ನಂಗೆ ಆ ರಾತ್ರಿ ಸಾಯೋ ಹೆದರಿಕೆ ಇರ್ಲಿಲ್ಲ. ಹಿಂಗೇ ನಡುಗ್ತಾ ಸಾಯ್ತೀನಲ್ಲ ಅಂತ ಹೆದರಿಕೆ ಆತು. ಬಾಯಿ ಬಿಟ್ಟು ಹೇಳಾಕೆ ಆಗ್ಲಿಲ್ಲ. ನೀವೆಲ್ಲ ಸುತ್ತ ಕೂತಿದ್ರಿ. ಸಾಯೋರಿಗೆ ಹಿಂಗೇ ಆಗ್ತದೆ ಅಂತಿದ್ರಿ. ಸಾವಿಂದ ಆಗಿದ್ದಲ್ಲ ಅದು, ನಿಮ್ಮಿಂದ ಆಗಿದ್ದು. ನಿಮ್ಮವ್ವಂಗೂ ಹಂಗೇ ಆಗಿರ್ತದೆ."

ಗುರುಮಲ್ಲ ತಕ್ಕಡಿ ಬಿಟ್ಟು ಎದ್ದು ಬಂದು ಅವನ ಕೆನ್ನೆಗೆ ಹೊಡೆದ. ಹೊಡೆದವನೇ ಅಂಗಡಿ ಬಾಗಿಲು ಎಳೆದುಕೊಂಡು ಒಳಗೆ ಕೂತುಬಿಟ್ಟ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವರವರ ಮನೆಯ ಮುದ್ರೆ ಅವರವರಿಗೆ ನೆನಪಾಗಿತ್ತು. ನನಗೂ ನಮ್ಮಪ್ಪ ನೆನಪಾದ. ಅವನ ಹೆಬ್ಬೆಟ್ಟು ಯಾವುದೋ ಕಾಫಿಪುಡಿಯ ಮೇಲಿದೆ. ಇರಲಿ, ಅದು ಬೇರೆ ಕಥೆ.

ಆ ಸಂಜೆಯೇ ಗುರುಮಲ್ಲ ನಾಲ್ಕು ಜನರನ್ನು ಕಟ್ಟಿಕೊಂಡು ಕೊಟ್ರಮ್ಮನ ಮನೆಗೆ ಬಂದ. ನನ್ನನ್ನೂ ಕರೆದಿದ್ದ. "ನೋಡು ತಂಗೀ, ನಿನ್ನ ಗಂಡ ಬದುಕಿದ್ದು ನಮಗೂ ಸಂತೋಷಾನೇ. ಆದ್ರೆ ಅವ್ನು ಬೀದೀಲಿ ನಿಂತು ಹಿಂಗೆಲ್ಲ ಮಾತಾಡಿದ್ರೆ ನಾಳೆ ಯಾವ ಮನೇಲಿ ಯಾರು ಹೆಬ್ಬೆಟ್ಟು ಕೊಡ್ತಾರೆ? ಊರು ನಡೀಬೇಕಾ ಬ್ಯಾಡ್ವಾ?" ಅಂದ. ಕೊಟ್ರಮ್ಮ ಸೆರಗಿನ ತುದಿ ತಿರುವುತ್ತಾ, "ನಾನೇನು ಮಾಡ್ಲಣ್ಣ?" ಅಂದಳು. "ಬ್ಯಾರೆ ಹೆಬ್ಬೆಟ್ಟು ಹಾಕ್ಸು. ಹೊಸ ಅಚ್ಚು ಆದ ಗಳಿಗೆ ಹಳೇದನ್ನ ಒಲೆಗೆ ಹಾಕಿದ್ರಾತು, ಅವ್ನಿಗೆ ಬೆಚ್ಚಗಾಗ್ತದೆ. ಬೆಚ್ಚಗಾದ ಮ್ಯಾಲೆ ಬಾಯಿ ತಾನೇ ಮುಚ್ತದೆ. ಅಲ್ವೇನ್ರಿ ಆಚಾರ್ರೇ?" ನಾನು ಹೌದೆಂದೆ. ಅದು ಸುಳ್ಳಲ್ಲ, ಹಾಗೆ ಮಾಡಬಹುದು. ಹೊಸ ಅಚ್ಚು ಕೈಯಲ್ಲಿದ್ದರೆ ಹಿಂದೆ ಮಾರಿದ ಸರಕೂ ಅದರ ಆಸರೆಗೆ ಬರುತ್ತದೆ, ಗುಣ ಕೆಡುವುದಿಲ್ಲ.

ಮಾರನೆಯ ದಿನ ಅವಳು ಅಚ್ಚನ್ನು ಸೆರಗಿನಲ್ಲಿ ಸುತ್ತಿಕೊಂಡು ನಾನು ಕೆತ್ತುವ ಕೊಟ್ಟಿಗೆಗೆ ಬಂದಳು. ಕಣ್ಣು ಕೆಂಪಗಿತ್ತು. "ಬ್ಯಾರೆಯೋರದ್ದು ಬ್ಯಾಡ ಆಚಾರ್ರೇ. ಇದನ್ನ ಒಡೆದೇ ಹಾಕಿದ್ರೆ?" ಅಂದಳು. ನಾನು ಊದುಬತ್ತಿ ಸಿದ್ದಯ್ಯನ ಕಥೆ ಹೇಳಿದೆ. ಅವನು ಸಿಟ್ಟಿನಲ್ಲಿ ಅಚ್ಚು ಒಡೆದ ದಿನ ಊರೂರಿನಲ್ಲಿ ಉರಿಯುತ್ತಿದ್ದ ಅವನ ಬತ್ತಿಗಳೆಲ್ಲ ಬರೀ ಹೊಗೆಯಾಗಿದ್ದವು. ಮಾರಿದ್ದೆಲ್ಲ ಗುಣ ಬಿಟ್ಟಿತ್ತು. ಊದುಬತ್ತಿಗಾದರೆ ಜನ ಬೈದು ಸುಮ್ಮನಾದರು. "ನಿನ್ನವು ಕೌದಿ ಕಣಮ್ಮ. ಈ ಚಳೀಲಿ ಯಾವ ಯಾವ ಊರಲ್ಲಿ, ಯಾವ ಕೂಸು, ಯಾವ ಬಾಣಂತಿ ಅದರ ಕೆಳಗೆ ಮಲಗವ್ರೋ" ಎಂದೆ. "ನಂದೇ ಕೊಟ್ಬಿಡ್ಲಾ?" ಎಂದು ಹೆಬ್ಬೆಟ್ಟನ್ನೇ ನೋಡಿಕೊಂಡಳು. ನಾನು ಡಬ್ಬಿಗೆ ಕೈ ಹಾಕಿದೆ. ತಟ್ಟನೆ ಮುಷ್ಟಿ ಬಿಗಿ ಹಿಡಿದಳು. "ನಮ್ಮ ಮನೆಯವರನ್ನ ನೋಡಿದೀನಿ ಆಚಾರ್ರೇ. ನಂಗೆ ಹೆದರಿಕೆ ಆಗ್ತದೆ. ನಂಗೂ ಕೈ ನಡುಗಿದ್ರೆ ಜಗಲಿ ಮ್ಯಾಲೆ ಕೂತೋರ ಗತಿ ಏನು?" ಎಂದು ಬಿಕ್ಕಿದಳು. ಎರಡೂ ನಿಜ, ಮೊದಲನೆಯದು ಹೆಚ್ಚು ನಿಜ. ಅಚ್ಚನ್ನು ಹೇಗೆ ತಂದಿದ್ದಳೋ ಹಾಗೇ ಸುತ್ತಿಕೊಂಡು ಹೋದಳು.

ತಿಪ್ಪೇಶಿ ಮನೆಯಿಂದ ಹೊರಗೆ ಬರುವುದು ನಿಂತಿತು. ಊರಿನವರು ನೋಡಲು ಹೋಗುವುದೂ ನಿಂತಿತು. ಅವನು ಸತ್ತರೆ ಎಲ್ಲರಿಗೂ ಅನುಕೂಲ ಎಂಬುದು ಯಾರ ಬಾಯಲ್ಲೂ ಬರಲಿಲ್ಲ, ಎಲ್ಲರ ಮುಖದ ಮೇಲೂ ಇತ್ತು. ಅವನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಹೆಂಡತಿ ತಟ್ಟೆ ಇಟ್ಟರೆ, "ನೀನೂ ಕಾಯ್ತಿದೀಯೇನೇ?" ಎಂದು ಕೇಳುತ್ತಿದ್ದ. ಕೆಲವೊಮ್ಮೆ ಅವಳ ಕಾಲು ಹಿಡಿದು, "ಏನಾದ್ರೂ ಮಾಡೇ, ಯಾರದ್ದಾದ್ರೂ ತಗೊಂಬಾರೇ, ನಂಗಾಗಲ್ಲ" ಎಂದು ಮಗುವಿನಂತೆ ಅಳುತ್ತಿದ್ದ. ಕೊಟ್ರಮ್ಮ ಇದನ್ನು ನನಗೆ ಹೇಳುವಾಗ ಅವಳ ಸ್ವರದಲ್ಲಿ ಅಳುವೂ ಉಳಿದಿರಲಿಲ್ಲ.

ಆ ಚಳಿಗಾಲದ ನಡುವೆ ದುರುಗಜ್ಜಿ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಅನ್ನುತ್ತಿತ್ತು. ಡಾಕ್ಟರು ಬಂದು ನೋಡಿ ಎಂದಿನಂತೆ ತಲೆಯಾಡಿಸಿದರು. ಅಜ್ಜಿಯ ಮಗಳು ಹಂಪಮ್ಮ ಕೂಡ ಕೊಟ್ರಮ್ಮನ ಜಗಲಿಯಲ್ಲೇ ಹೊಲಿಯುವವಳು. ಅವಳೇ ಬಂದು ಸುದ್ದಿ ಹೇಳಿ ಅತ್ತಳು. ಮರುದಿನ ಕೊಟ್ರಮ್ಮ ನನ್ನನ್ನು ಕರೆದುಕೊಂಡು ಅವರ ಗುಡಿಸಲಿಗೆ ಹೋದಳು. ನಾನು ಡಬ್ಬಿ ಹಿಡಿದು ಹೊಸಿಲಿನ ಹೊರಗೆ ಕೂತೆ. ಹಂಪಮ್ಮ ನೀರಿಗೆ ಹೋಗಿದ್ದಳು.

ಅಜ್ಜಿಗೆ ಪ್ರಜ್ಞೆ ಇತ್ತು. ಕೊಟ್ರಮ್ಮ ಅವಳ ಕೈ ಹಿಡಿದು, ಏನೇನೋ ಸುತ್ತಿ ಬಳಸಿ, ಕೊನೆಗೆ ಕೇಳಿಯೇ ಬಿಟ್ಟಳು.

"ನಿನ್ನ ಗಂಡ ಹೇಳಿದ್ದನ್ನ ನಾನೂ ಕೇಳೀನಿ ಕಣೇ" ಅಂದಳು ಅಜ್ಜಿ.

"ಅಜ್ಜೀ, ನಂಗೆ ಬ್ಯಾರೆ ದಾರಿ ಇಲ್ಲ."

"ಇಲ್ದಿರಬಹುದು. ನಾನು ಹುಟ್ಟಿದ್ದು ಬಯಲಾಗೆ. ಲಗ್ನ ಆದ ಮ್ಯಾಲೂ ಗೋಣಿಚೀಲ ಹೊದ್ದು ಮಲಗಿದೋಳು. ಬರೀ ಮಂದಿ ಹಾಸಿಗೆ ಬೆಚ್ಚಗೆ ಮಾಡೋದ್ರಾಗೆ ಬೆರಳು ಸವೀತು. ಈಗ ನೋಡು, ಹಂಪಿ ಒಲೆ ಪಕ್ಕ ಹಾಸವ್ಳೆ, ಹೊದಿಸವ್ಳೆ. ಕಾಲು ಬೆಚ್ಚಗದಾವೆ. ಎಷ್ಟು ಸುಖ ಅಂತೀಯ! ಇದನ್ನ ನಾ ಬಿಡಾಕಿಲ್ಲ ಮಗಾ. ಬ್ಯಾರೆ ಏನಾರ ಕೇಳು, ಕೊ‍ಡ್ತೀನಿ."

ಇಷ್ಟು ವರ್ಷದ ಕಸುಬಿನಲ್ಲಿ ಸಾಯಲು ಮಲಗಿ ಹೆಬ್ಬೆಟ್ಟು ಕೊಡುವುದಿಲ್ಲ ಎಂದವರನ್ನು ನಾನು ನೋಡಿದ್ದು ಅದೇ ಮೊದಲು. ಕೊಟ್ರಮ್ಮ ಹೊರಗೆ ಬಂದಳು. ಮುಖದಲ್ಲಿ ನಾಚಿಕೆಯೂ ಇತ್ತು, ಒಂದು ಥರ ಬಿಡುಗಡೆಯೂ ಇತ್ತು. "ಕೇಳಬಾರ್ದಿತ್ತು ಆಚಾರ್ರೇ. ನನ್ನ ನಾಲಿಗೆ ಸೇದಿಹೋಗ" ಎಂದು ತನ್ನನ್ನೇ ಬೈದುಕೊಂಡಳು. ನನಗೂ ಎದೆ ಹಗುರವಾಯಿತು. ಖಾಲಿ ಮೇಣ ಹೊತ್ತು ಮನೆಗೆ ಬಂದೆ.

ಕೊಟ್ರಮ್ಮನ ಮನೆಯಲ್ಲಿ ತಿಪ್ಪೇಶಿ ಕಾಯುತ್ತಿದ್ದ. ಅಜ್ಜಿ ಒಪ್ಪಲಿಲ್ಲ ಎಂದು ಹೆಂಡತಿ ಹೇಳಿದಾಗ ಅವನು ಕೂಗಾಡಲಿಲ್ಲ. ಅದೇ ತಪ್ಪಾಯಿತೇನೋ. ಕೂಗಾಡಿದ್ದರೆ ಅವಳೂ ಕೂಗಾಡಿ ಗಟ್ಟಿಯಾಗುತ್ತಿದ್ದಳು. ಅವನು ಸುಮ್ಮನೆ ಎದ್ದು ಒಲೆಯ ಹತ್ತಿರ ಹೋಗಿ, ಉರಿಯುತ್ತಿದ್ದ ಕೊಳ್ಳಿಯೊಂದನ್ನು ತೆಗೆದು ಮೊಣಕಾಲಿಗೆ ಒತ್ತಿಕೊಂಡು ಹಿಡಿದ. ಚರ್ಮ ಸುಟ್ಟ ವಾಸನೆ ಜಗಲಿಯವರೆಗೂ ಬಂತು. "ಉರೀತದೆ ಕಣೇ. ಉರೀತದೆ, ಬೆಚ್ಚಗಾಗಲ್ಲ" ಎಂದನಂತೆ. ಹೆಂಗಸರು ಓಡಿಹೋಗಿ ಕೊಳ್ಳಿ ಕಿತ್ತುಕೊಂಡರು.

ಎರಡು ದಿನದ ಮೇಲೆ ಕೊಟ್ರಮ್ಮ ನನ್ನ ಕೊಟ್ಟಿಗೆಗೆ ಬಂದು, ಹೊರಗೇ ನಿಂತು, "ಮೇಣದ ಡಬ್ಬಿ ಒಂದ್ ಗಳಿಗೆ ಕೊಡ್ರಿ" ಅಂದಳು. "ನಾನೂ ಬರ್ಲಾ?" ಅಂದೆ. "ಬ್ಯಾಡ." ಡಬ್ಬಿ ಕೊಟ್ಟೆ. ಅಜ್ಜಿಗೆ ಹಿಂದಿನ ದಿನದಿಂದ ಪ್ರಜ್ಞೆ ತಪ್ಪಿದೆ, ಕರೆದರೆ ಓಗೊಡುತ್ತಿಲ್ಲ ಎಂದು ಬೆಳಿಗ್ಗೆ ಹಾಲು ಕೊಡಲು ಬಂದವಳು ಹೇಳಿ ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ನನಗೆ ಕರೆ ಬಂತು, ಉಳಿ ಮತ್ತು ಹೊಸ ತೇಗದ ತುಂಡು ತೆಗೆದುಕೊಂಡು ಬರಬೇಕಂತೆ.

ಹೋದೆ. ಜಗಲಿ ಖಾಲಿ. ಹೆಂಗಸರನ್ನೆಲ್ಲ ಊಟಕ್ಕೆ ಮನೆಗೆ ಕಳಿಸಿದ್ದಳು. ಒಳಗೆ ತಿಪ್ಪೇಶಿ ಕೌದಿಗಳ ರಾಶಿಯ ಕೆಳಗೆ ಮಲಗಿ ಮಂಚ ಅಲುಗುವಂತೆ ನಡುಗುತ್ತಿದ್ದ. ಕೊಟ್ರಮ್ಮ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟಳು. ಹೆಬ್ಬೆಟ್ಟು ಯಾರದು ಎಂದು ಕೇಳುವುದು ನಮ್ಮ ಕಸುಬಿನಲ್ಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮೇಣದ ಮೇಲೆ ಗೆರೆಗಳಿಗಿಂತ ಸೂಜಿ ಚುಚ್ಚಿದ ಗುಳಿಗಳೇ ಹೆಚ್ಚಾಗಿದ್ದವು. ಬೆರಳನ್ನು ಹಿಡಿದು ಬಲವಂತವಾಗಿ ಒತ್ತಿದ್ದರಿಂದ ಒಂದು ಪಕ್ಕ ಆಳವಾಗಿ ಇಳಿದಿತ್ತು.

ನಾನು ತಲೆ ಎತ್ತಿ ಅವಳನ್ನು ನೋಡಿದೆ. "ಕೊಟ್ರಮ್ಮಾ" ಅಂದೆ.

"ಕೆತ್ರಿ ಆಚಾರ್ರೇ" ಅಂದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮಂಚ ಅಲುಗುವುದನ್ನು ನೋಡುತ್ತಿದ್ದಳು.

ಕೆತ್ತಿದೆ. ಆ ಗುಳಿಗಳನ್ನು ಬಿಟ್ಟು ಗೆರೆ ತೆಗೆಯುವುದು ಬಹಳ ಕಷ್ಟದ ಕೆಲಸ, ಹೊತ್ತು ಹಿಡಿಯಿತು. ಕೊನೆಯ ಗೆರೆ ಮುಗಿದಾಗ ಕೊಟ್ರಮ್ಮ ಹಳೆಯ ಅಚ್ಚನ್ನು ಒಲೆಯೊಳಗೆ ತಳ್ಳಿದಳು. ಮಂಚದ ಸದ್ದು ನಿಂತಿತು.

ತಿಪ್ಪೇಶಿ ಮೆಲ್ಲಗೆ ಎದ್ದು ಕೂತ. ಕೈಯನ್ನು ಕೆನ್ನೆಗೆ ಇಟ್ಟುಕೊಂಡ, ಎದೆಗೆ ಇಟ್ಟುಕೊಂಡ. ಹಣೆಯ ಮೇಲೆ ಬೆವರು ಮೂಡಿತು. "ಅಯ್ಯಯ್ಯೋ, ಕೊಟ್ರೀ! ಬೆಚ್ಚಗೈತೆ ಕಣೇ! ಬಾರೇ ಇಲ್ಲಿ" ಎಂದು ಹೆಂಡತಿಯ ಕೈ ಎಳೆದು ಕುತ್ತಿಗೆಗೆ ಒತ್ತಿಕೊಂಡ. ನಗುತ್ತಲೂ ಇದ್ದ, ಅಳುತ್ತಲೂ ಇದ್ದ. ಅವಳು ಅವನ ತಲೆ ನೇವರಿಸಿದಳು. ನಾನು ಉಳಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ. ಆಮೇಲೆ ಅವನಿಗೆ ಪ್ರಶ್ನೆ ಹೊಳೆಯಿತು.

"ಯಾರದೇ?"

"ದುರುಗಜ್ಜಿದು."

"ಒಪ್ಪಲಿಲ್ಲ ಅಂದಿದ್ದೆ?"

ಅವಳು ಮೇಣದ ಡಬ್ಬಿಯ ಮುಚ್ಚಳ ಹಾಕಿದಳು. ತಿಪ್ಪೇಶಿಯ ನಗು ಇಳಿಯಿತು. ಕಾಲನ್ನು ಕೆಳಗಿಟ್ಟ, ಎಲ್ಲಿಗೋ ಹೊರಡುವವನ ಹಾಗೆ. ಅವನು ಎದ್ದು ನಿಂತು ಏನಾದರೂ ಹೇಳುತ್ತಾನೆ, ಊರಿನಲ್ಲಿ ಹೇಳಬಲ್ಲವನು ಇವನೊಬ್ಬನೇ ಎಂದು ನಾನು ಕಾದೆ. ಒಲೆಯಲ್ಲಿ ಹಳೆಯ ಅಚ್ಚು ಚಟಪಟ ಎನ್ನುತ್ತಿತ್ತು, ಇನ್ನೂ ಪೂರ್ತಿ ಹೊತ್ತಿರಲಿಲ್ಲ.

"ಎಷ್ಟೊತ್ತು ಇರ್ತಾಳಂತೆ?" ಎಂದು ಕೇಳಿದ.

"ಇವತ್ತೋ ನಾಳೆಯೋ ಅಂತಾರೆ."

ಅವನು ಕಾಲನ್ನು ಮೇಲೆತ್ತಿಕೊಂಡ.

ಆಗ ಹೊರಗೆ ಓಡಿಬಂದ ಹೆಜ್ಜೆಯ ಸದ್ದಾಯಿತು. ಹಂಪಮ್ಮ. ಏದುಸಿರು ಬಿಡುತ್ತಿದ್ದಳು, ಮುಖ ಅರಳಿತ್ತು. "ಅಕ್ಕಾ! ಅವ್ವಂಗೆ ಎಚ್ಚರ ಆತು! ನಿನ್ನೆಯಿಂದ ತುಟಿ ಅಲ್ಲಾಡಿಸ್ದೇ ಇದ್ದೋಳು ಈಗ ಕಣ್ಣು ಬಿಟ್ಟು 'ಚಳಿ' ಅಂದ್ಲು ಅಕ್ಕಾ! ಹಂಪೀ, ಚಳಿ ಕಣೇ ಅಂದ್ಲು. ಇದ್ದಿದ್ದೆಲ್ಲ ಹೊದ್ಸಿದೀನಿ, ಇನ್ನೂ ಚಳಿ ಅಂತಾಳೆ. ತಿಪ್ಪೇಶಣ್ಣನೂ ಹಂಗೇ ನಡುಗಿ ನಡುಗಿ ಬದುಕಿದ್ದಲ್ವಾ? ನಮ್ಮವ್ವನೂ ಬದುಕ್ತಾಳೆ, ಅಲ್ವಾ ಅಕ್ಕಾ? ಒಂದು ದಪ್ಪನ ಕೌದಿ ಇದ್ರೆ ಕೊಡ್ರಿ, ಆಮ್ಯಾಲೆ ತಂದ್ಕೊಡ್ತೀನಿ."

ಕೊಟ್ರಮ್ಮ ಗೋಡೆಗೆ ಒರಗಿ ನಿಂತಿದ್ದಳು. ನಂತರ ಒಳಕೋಣೆಗೆ ಹೋಗಿ, ವ್ಯಾಪಾರಿಗೆಂದು ಮಡಿಸಿಟ್ಟಿದ್ದ ರಾಶಿಯಲ್ಲಿ ಎಲ್ಲಕ್ಕಿಂತ ದಪ್ಪಗಿದ್ದುದನ್ನು ಎಳೆದು ತಂದಳು. ಸಾಲದೆಂದು ಇನ್ನೊಂದು ತಂದಳು. ಎರಡನ್ನೂ ಹಂಪಮ್ಮನ ತೋಳಿಗೆ ಹಾಕಿ, "ತಿರುಗಿ ಕೊಡೋದೇನೂ ಬ್ಯಾಡ. ಬೇಗ ಹೋಗು" ಅಂದಳು. ಹಂಪಮ್ಮ ಕೌದಿಗಳ ಮೇಲೆ ಗಲ್ಲವೂರಿಕೊಂಡು, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಕ್ಕಾ" ಎಂದು ಹೇಳಿ ಬಂದಷ್ಟೇ ವೇಗದಲ್ಲಿ ಓಡಿದಳು.

ನಾನು ಮಂಚದ ಕಡೆ ನೋಡಿದೆ. ತಿಪ್ಪೇಶಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಕಿವಿ ಮುಚ್ಚುವವರೆಗೆ ಕೌದಿ ಎಳೆದುಕೊಂಡಿದ್ದ.